ಕ್ಯಾಮ್ ಹೊಂದಾಣಿಕೆ ಮತ್ತು ಕಿಡಿಯ ವೇಳೆ: ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಪೆಟ್ರೋಲ್ ಎಂಜಿನ್‌ಗಳನ್ನು ಕುರಿತ ಟಿಪ್ಪಣಿ

1. ಪ್ರಶ್ನೆ

ಪೆಟ್ರೋಲ್ ಎಂಜಿನ್‌ನ ಕ್ಯಾಮ್‌ಶಾಫ್ಟನ್ನು ಅದರ ನಿಗದಿತ ಸ್ಥಾನದಿಂದ ಕೆಲವು ಡಿಗ್ರಿ ಸರಿಸಿದರೆ ಇಗ್ನಿಷನ್ ಟೈಮಿಂಗ್ ಕೂಡ ಸರಿಯುತ್ತದೆಯೇ? ಗ್ಯಾರೇಜುಗಳಲ್ಲಿ ಇದಕ್ಕೆ ಎರಡು ಉತ್ತರಗಳು ಚಾಲ್ತಿಯಲ್ಲಿವೆ. ‘ಕ್ಯಾಮ್ ಮುಟ್ಟಿದರೆ ಇಗ್ನಿಷನ್ ಮತ್ತೆ ಸೆಟ್ ಮಾಡಲೇಬೇಕು’ ಎಂಬುದು ಒಂದು. ‘ಕ್ಯಾಮ್ ಬೇರೆ, ಇಗ್ನಿಷನ್ ಬೇರೆ’ ಎಂಬುದು ಇನ್ನೊಂದು. ಎರಡನ್ನೂ ಹೇಳುವವರು ಅನುಭವಸ್ಥರೇ. ಅವರ ಕೈಯಲ್ಲಿ ಹಾದುಹೋದ ಎಂಜಿನ್‌ಗಳು ಬೇರೆ ಬೇರೆ ಎಂಬುದೇ ಈ ಭಿನ್ನಾಭಿಪ್ರಾಯಕ್ಕೆ ಮುಖ್ಯ ಕಾರಣವಿರಬೇಕು.

ಇಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡಲಾಗಿದೆ: ಕಿಡಿ ನಿಜಕ್ಕೂ ಹಾರುವ ವೇಳೆ, ಮತ್ತು ಕಿಡಿ ಹಾರಬೇಕಾದ ವೇಳೆ. ಮೊದಲನೆಯದು ಹಲ್ಲು, ಪುಲ್ಲಿ, ಗೇರುಗಳ ಜ್ಯಾಮಿತಿ. ಅದನ್ನು ಕಾಗದದ ಮೇಲೆ ನಿಖರವಾಗಿ ಲೆಕ್ಕ ಹಾಕಬಹುದು. ಎರಡನೆಯದು ಸಿಲಿಂಡರಿನೊಳಗಿನ ದಹನಕ್ಕೆ ಸೇರಿದ್ದು. ಅದನ್ನು ಅಂದಾಜು ಮಾಡಬಹುದು, ಅಳೆಯದೆ ಖಚಿತವಾಗಿ ಹೇಳಲಾಗದು.

2. ಪ್ರದೇಶದ ವ್ಯಾಪ್ತಿ

‘ಕೊಯಮತ್ತೂರು ಜಿಲ್ಲೆ’ ಎಂಬ ಹೆಸರು ದಾಖಲೆಯ ವರ್ಷಕ್ಕೆ ತಕ್ಕಂತೆ ಬೇರೆ ಬೇರೆ ಭೂಪ್ರದೇಶವನ್ನು ಸೂಚಿಸುತ್ತದೆ. ಇಂದು ಚಾಮರಾಜನಗರ ಜಿಲ್ಲೆಯಲ್ಲಿರುವ ಕೊಳ್ಳೇಗಾಲ 1956ರ ನವೆಂಬರ್ 1ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿತ್ತು. 1979ರಲ್ಲಿ ಈರೋಡು ಭಾಗ ಪೆರಿಯಾರ್ ಜಿಲ್ಲೆಯಾಗಿ ಬೇರ್ಪಟ್ಟಿತು. 2009ರಲ್ಲಿ ತಿರುಪ್ಪೂರು ಜಿಲ್ಲೆ ಅಸ್ತಿತ್ವಕ್ಕೆ ಬಂತು. ಅವಿನಾಶಿ, ಪಲ್ಲಡಂ, ಉಡುಮಲೈಪೇಟೆಗಳು ಕೊಯಮತ್ತೂರಿನಿಂದ, ಧಾರಾಪುರಂ ಮತ್ತು ಕಾಂಗೇಯಂ ಈರೋಡಿನಿಂದ ಅದಕ್ಕೆ ಸೇರಿದವು. ಆದ್ದರಿಂದ 1950ರ ದಶಕದ ವಾಹನ ದಾಖಲೆಯೊಂದರಲ್ಲಿ ಈ ಜಿಲ್ಲೆಯ ಹೆಸರಿದ್ದರೆ, ಆ ವಾಹನ ಕಾವೇರಿಯ ದಂಡೆಯ ಕನ್ನಡ ಊರಿನದೂ ಆಗಿರಬಹುದು.

ಈ ಪ್ರದೇಶವನ್ನು ಆರಿಸಿಕೊಳ್ಳಲು ಕಾರಣವಿದೆ. ಕಲಂಗಲ್‌ನಲ್ಲಿ ಹುಟ್ಟಿದ ಜಿ.ಡಿ. ನಾಯ್ಡು (1893–1974) 1920ರಲ್ಲಿ ಪೊಳ್ಳಾಚಿ–ಪಳನಿ ನಡುವೆ ಬಸ್ಸು ಓಡಿಸಲು ಆರಂಭಿಸಿದ ಕಾಲದಿಂದ ಮೋಟಾರು ದುರಸ್ತಿಯ ಕಸುಬು ಇಲ್ಲಿ ಬೇರೂರಿದೆ. ಕೊಯಮತ್ತೂರಿನ ಎಸ್. ಕರಿವರ್ಧನ್ 1980ರ ದಶಕದ ಕೊನೆಯಲ್ಲಿ ಮಾರುತಿ 800ರ ಎಂಜಿನ್ ಕೂರಿಸಿದ ಒಂಟಿ ಆಸನದ ರೇಸ್ ಕಾರು ರೂಪಿಸಿದರು. ‘ಫಾರ್ಮುಲಾ ಮಾರುತಿ’ ಎಂದೂ, ‘ಎಫ್.ಐ.ಎಸ್.ಎಸ್.ಎಂ.ಇ.’ ಎಂಬ ಮೊದಲಕ್ಷರಗಳಿಂದಲೂ ಗುರುತಿಸುವುದು ಒಂದೇ ವರ್ಗವನ್ನು. ಇವು ಎರಡು ವರ್ಗಗಳೆಂದು ಎಣಿಸಬಾರದು. ಕರಿವರ್ಧನ್ 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಚೆಟ್ಟಿಪಾಳಯಂನಲ್ಲಿ 2003ರಲ್ಲಿ ಆರಂಭವಾದ ರೇಸ್ ಪಥಕ್ಕೆ ಅವರ ಹೆಸರಿದೆ; ಅದರ ಉದ್ದ ಸುಮಾರು 2.1 ಕಿ.ಮೀ. ಎಲ್.ಜಿ. ಬಾಲಕೃಷ್ಣನ್ ಅಂಡ್ ಬ್ರದರ್ಸ್ ‘ರೋಲಾನ್’ ಹೆಸರಿನ ಚೈನ್‌ಗಳನ್ನು ತಯಾರಿಸುವುದೂ ಇದೇ ನಗರದಲ್ಲಿ. ಆ ಸಂಸ್ಥೆಯ ಮೊದಲಕ್ಷರಗಳನ್ನು ಹೊತ್ತ ಎಲ್.ಜಿ.ಬಿ. ಫಾರ್ಮುಲಾ 4 ಕಾರುಗಳಲ್ಲಿ ಮಾರುತಿ ಸ್ವಿಫ್ಟ್‌ನ 1.3 ಲೀಟರ್ ಪೆಟ್ರೋಲ್ ಎಂಜಿನ್ ಬಳಕೆಗೆ ಬಂತು. ಡಿಸ್ಟ್ರಿಬ್ಯೂಟರ್ ಇರುವ ಎಂಜಿನ್‌ನಿಂದ ಹಿಡಿದು ಕಂಪ್ಯೂಟರ್ ನಡೆಸುವ ಎಂಜಿನ್‌ವರೆಗಿನ ಇಡೀ ಸಾಲನ್ನು ಒಂದೇ ಪ್ರದೇಶದಲ್ಲಿ ನೋಡಲು ಇದು ಅನುಕೂಲ. ಡೀಸೆಲ್ ಎಂಜಿನ್‌ಗಳಲ್ಲಿ ಕಿಡಿಯೇ ಇಲ್ಲದ ಕಾರಣ ಡೀಸೆಲ್ ಅಂಬಾಸಿಡರ್ ಮೊದಲಾದವನ್ನು ಬಿಡಲಾಗಿದೆ.

3. ಡಿಗ್ರಿ ಯಾವುದು?

ನಾಲ್ಕು ಸ್ಟ್ರೋಕ್ ಎಂಜಿನ್‌ನ ಒಂದು ಚಕ್ರಕ್ಕೆ ಕ್ರ್ಯಾಂಕ್ 720 ಡಿಗ್ರಿ ತಿರುಗಿದರೆ ಕ್ಯಾಮ್ 360 ಡಿಗ್ರಿ ತಿರುಗುತ್ತದೆ. ಕ್ಯಾಮಿನ 1 ಡಿಗ್ರಿ ಕ್ರ್ಯಾಂಕಿನ 2 ಡಿಗ್ರಿಗೆ ಸಮ. ಇಷ್ಟು ಎಲ್ಲರಿಗೂ ಗೊತ್ತು. ಆದರೂ ದಾಖಲೆಗಳಲ್ಲಿ ಕಾಣುವ ವ್ಯತ್ಯಾಸಗಳಲ್ಲಿ ಒಂದು ಪಾಲು ಇಲ್ಲಿಂದಲೇ ಹುಟ್ಟುತ್ತದೆ. ಇಗ್ನಿಷನ್ ಟೈಮಿಂಗನ್ನು ವಾಡಿಕೆಯಲ್ಲಿ ಕ್ರ್ಯಾಂಕ್ ಡಿಗ್ರಿಯಲ್ಲೇ ಹೇಳುತ್ತಾರೆ. ಹೊಂದಿಸಬಹುದಾದ ಕ್ಯಾಮ್ ಪುಲ್ಲಿಗಳ ಮೇಲಿನ ಗೆರೆಗಳು ಕೆಲವು ತಯಾರಿಕೆಗಳಲ್ಲಿ ಕ್ರ್ಯಾಂಕ್ ಡಿಗ್ರಿ, ಇನ್ನು ಕೆಲವುಗಳಲ್ಲಿ ಕ್ಯಾಮ್ ಡಿಗ್ರಿ. ‘ಕ್ಯಾಮನ್ನು 4 ಡಿಗ್ರಿ ಮುಂದಕ್ಕೆ ಇಟ್ಟೆ’ ಎಂಬ ಟಿಪ್ಪಣಿ ಕಿಡಿಯ ಲೆಕ್ಕದಲ್ಲಿ 4 ಡಿಗ್ರಿಯೂ ಆಗಬಹುದು, 8 ಡಿಗ್ರಿಯೂ ಆಗಬಹುದು. ಮುಂದಿನ ಎಲ್ಲ ಸಂಖ್ಯೆಗಳೂ, ಬೇರೆ ರೀತಿ ಹೇಳದಿದ್ದಲ್ಲಿ, ಕ್ರ್ಯಾಂಕ್ ಡಿಗ್ರಿಗಳು.

4. ಕ್ಯಾಮಿನಿಂದ ತಿರುಗುವ ಡಿಸ್ಟ್ರಿಬ್ಯೂಟರ್

4.1. ಅಂಬಾಸಿಡರ್‌ನ 1489 ಸಿ.ಸಿ. ಎಂಜಿನ್, ಪ್ರೀಮಿಯರ್ ಪದ್ಮಿನಿಯ 1089 ಸಿ.ಸಿ. ಎಂಜಿನ್, 1983ರ ಡಿಸೆಂಬರ್‌ನಲ್ಲಿ ಬಂದ ಮಾರುತಿ 800ರ 796 ಸಿ.ಸಿ. ಎಫ್8ಬಿ ಎಂಜಿನ್: ರಚನೆಯಲ್ಲಿ ಇವು ಪರಸ್ಪರ ದೂರ. ಮೊದಲ ಎರಡರಲ್ಲಿ ಕ್ಯಾಮ್ ಬ್ಲಾಕಿನೊಳಗಿದೆ, ವಾಲ್ವುಗಳನ್ನು ಪುಷ್‌ರಾಡ್‌ಗಳು ಎತ್ತುತ್ತವೆ. ಮೂರನೆಯದರಲ್ಲಿ ಕ್ಯಾಮ್ ಹೆಡ್ಡಿನ ಮೇಲಿದ್ದು ಟೈಮಿಂಗ್ ಬೆಲ್ಟ್ ಅದನ್ನು ತಿರುಗಿಸುತ್ತದೆ. ಆದರೆ ನಮ್ಮ ಪ್ರಶ್ನೆಯ ಮಟ್ಟಿಗೆ ಮೂರೂ ಒಂದೇ ಗುಂಪು. ಮೂರರಲ್ಲೂ ಡಿಸ್ಟ್ರಿಬ್ಯೂಟರ್‌ಗೆ ಚಾಲನೆ ಸಿಗುವುದು ಕ್ಯಾಮ್‌ಶಾಫ್ಟಿನಿಂದ, ಮತ್ತು ಕಿಡಿಯ ಕ್ಷಣ ನಿರ್ಧಾರವಾಗುವುದು ಡಿಸ್ಟ್ರಿಬ್ಯೂಟರ್ ಒಳಗೆ.

ಈ ಗುಂಪಿನಲ್ಲಿ ಉತ್ತರ ನೇರ. ಕ್ರ್ಯಾಂಕಿಗೆ ಹೋಲಿಸಿ ಕ್ಯಾಮನ್ನು ಎಷ್ಟು ಡಿಗ್ರಿ ಮುಂದಿಟ್ಟರೆ ಕಿಡಿಯೂ ಅಷ್ಟೇ ಡಿಗ್ರಿ ಮುಂದಾಗುತ್ತದೆ. ಹಿಂದಿಟ್ಟರೆ ಅಷ್ಟೇ ತಡವಾಗುತ್ತದೆ. ಸಿಲಿಂಡರುಗಳ ಸಂಖ್ಯೆ ಇದನ್ನು ಬದಲಿಸುವುದಿಲ್ಲ. ಎಫ್8ಬಿಯಲ್ಲಿ 1–3–2 ಕ್ರಮದಲ್ಲಿ 240 ಡಿಗ್ರಿಗೊಂದು ಕಿಡಿ, ಉಳಿದೆರಡರಲ್ಲಿ 1–3–4–2 ಕ್ರಮದಲ್ಲಿ 180 ಡಿಗ್ರಿಗೊಂದು. ಎಲ್ಲ ಕಿಡಿಗಳೂ ಒಟ್ಟಿಗೆ ಸರಿಯುತ್ತವೆ.

4.2. ಬೆಲ್ಟಿನ ಹಲ್ಲು ಹಾರಿದ ಪ್ರಕರಣ ಇದರ ತೀವ್ರ ರೂಪ. ಕ್ರ್ಯಾಂಕ್ ಪುಲ್ಲಿಗೆ 20, ಕ್ಯಾಮ್ ಪುಲ್ಲಿಗೆ 40 ಹಲ್ಲುಗಳೆಂದು ಇಟ್ಟುಕೊಂಡರೆ (ಇದು ಲೆಕ್ಕಕ್ಕೆ ಇಟ್ಟುಕೊಂಡ ಸಂಖ್ಯೆ, ಯಾವುದೇ ಮಾದರಿಯ ವಿವರವಲ್ಲ) ಒಂದು ಹಲ್ಲಿಗೆ 18 ಡಿಗ್ರಿ. ಟಿ.ಡಿ.ಸಿ.ಗೆ 10 ಡಿಗ್ರಿ ಮುಂಚೆ ಹಾರುತ್ತಿದ್ದ ಕಿಡಿ, ಕ್ಯಾಮ್ ಒಂದು ಹಲ್ಲು ಹಿಂದುಳಿದರೆ, ಟಿ.ಡಿ.ಸಿ. ಕಳೆದು 8 ಡಿಗ್ರಿಗೆ ಹಾರುತ್ತದೆ. ಸ್ಟಾರ್ಟಿಂಗ್ ಕಷ್ಟ, ಸೈಲೆನ್ಸರ್ ಮನಿಫೋಲ್ಡ್ ವಿಪರೀತ ಬಿಸಿ, ಪಿಕಪ್ ಇಲ್ಲ.

ಮುಂದೆ ಆಗಬಹುದಾದದ್ದನ್ನು ಹತ್ತಿರದಿಂದ ನೋಡಬೇಕು. ಟೈಮಿಂಗ್ ಲೈಟ್ ಹಿಡಿದರೆ ಕಿಡಿ ತಡವೆಂದು ಕ್ರ್ಯಾಂಕ್ ಪುಲ್ಲಿಯ ಗುರುತು ತೋರಿಸುತ್ತದೆ. ಡಿಸ್ಟ್ರಿಬ್ಯೂಟರ್‌ನ ಕ್ಲಾಂಪ್ ಬೋಲ್ಟ್ ಸಡಿಲಿಸಿ, ಅದರ ಮೈಯನ್ನು ರೋಟರ್ ಸುತ್ತುವ ದಿಕ್ಕಿಗೆ ಎದುರಾಗಿ 9 ಡಿಗ್ರಿ ತಿರುಗಿಸಿದರೆ ಕಿಡಿ 18 ಡಿಗ್ರಿ ಮುಂದೆ ಬಂದು ಗುರುತಿಗೆ ಕೂಡುತ್ತದೆ. ಬ್ರೇಕರ್ ಪಾಯಿಂಟ್ ಮತ್ತು ಕ್ಯಾಪ್ ಎರಡೂ ಆ ಮೈಗೇ ಅಂಟಿಕೊಂಡಿರುವುದರಿಂದ ಕಿಡಿಯ ಹೊತ್ತಿಗೆ ರೋಟರ್ ಕ್ಯಾಪಿನ ತುದಿಯೆದುರು ಸರಿಯಾಗಿಯೇ ನಿಂತಿರುತ್ತದೆ. ಅಲ್ಲಿ ಸುಳಿವೇನೂ ಸಿಗುವುದಿಲ್ಲ. ಎಂಜಿನ್ ಹೊತ್ತಿಕೊಳ್ಳುತ್ತದೆ, ಐಡ್ಲಿಂಗ್ ಸ್ಥಿರವಾಗುತ್ತದೆ, ಲೈಟಿನ ಲೆಕ್ಕದಲ್ಲಿ ಎಲ್ಲವೂ ಸರಿ. ವಾಲ್ವುಗಳು ಮಾತ್ರ 18 ಡಿಗ್ರಿ ತಡವಾಗಿಯೇ ತೆರೆದು ಮುಚ್ಚುತ್ತಿರುತ್ತವೆ.

ಟೈಮಿಂಗ್ ಲೈಟ್ ಅಳೆಯುವುದು ಕಿಡಿಗೂ ಕ್ರ್ಯಾಂಕಿಗೂ ಇರುವ ಸಂಬಂಧವನ್ನು. ಕ್ಯಾಮಿಗೂ ಕ್ರ್ಯಾಂಕಿಗೂ ಇರುವ ಸಂಬಂಧವನ್ನು ಅದು ಅಳೆಯುವುದಿಲ್ಲ. ಹೀಗೆ ತಿದ್ದಿದ ಎಂಜಿನ್‌ನಲ್ಲಿ ಉಳಿಯುವ ಕಣ್ಣಿಗೆ ಕಾಣುವ ಸಾಕ್ಷ್ಯ ಬಹುಶಃ ಒಂದೇ: ಕ್ಲಾಂಪಿನ ಸೀಳುಗಂಡಿಯಲ್ಲಿ ಬೋಲ್ಟ್ ನಡುವೆ ಇರದೆ ಒಂದು ತುದಿಗೆ ಒತ್ತಿಕೊಂಡಿರುವುದು, ಮತ್ತು ಹಳೆಯ ವಾಷರಿನ ಅಚ್ಚು ಗಂಡಿಯ ಬೇರೊಂದು ಕಡೆ ಉಳಿದಿರುವುದು. ಪುಷ್‌ರಾಡ್ ಎಂಜಿನ್‌ಗಳಲ್ಲಿ ಡಿಸ್ಟ್ರಿಬ್ಯೂಟರ್ ಗೇರನ್ನೇ ಹಲ್ಲು ತಪ್ಪಿಸಿ ಇಳಿಸಿದ್ದರೂ ಇದೇ ನೋಟ ಕಾಣುತ್ತದೆ. ಆದ್ದರಿಂದ ಇದು ಸಂಶಯಕ್ಕೆ ಆಧಾರ, ತೀರ್ಮಾನಕ್ಕಲ್ಲ. ತೀರ್ಮಾನಕ್ಕೆ ಡಿಗ್ರಿ ಚಕ್ರ ಮತ್ತು ಡಯಲ್ ಗೇಜ್ ಬೇಕು.

4.3. ನಿಧಾನವಾದ ಸವೆತವೂ ಇದೇ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ. ಟೈಮಿಂಗ್ ಚೈನ್ ಸವೆದು ಉದ್ದವಾದರೆ ಎಳೆತದ ಬದಿ ಹಿಗ್ಗಿ ಕ್ಯಾಮ್ ಹಿಂದುಳಿಯುತ್ತದೆ. 9.525 ಮಿ.ಮೀ. ಪಿಚ್ಚಿನ ಚೈನ್, 40 ಹಲ್ಲಿನ ಕ್ಯಾಮ್ ಗೇರ್ ಎಂದು ಹಿಡಿದರೆ ಗೇರಿನ ಪಿಚ್ ತ್ರಿಜ್ಯ ಸುಮಾರು 60.6 ಮಿ.ಮೀ.; ಎಳೆತದ ಬದಿಯಲ್ಲಿ 1 ಮಿ.ಮೀ. ಹಿಗ್ಗಿಗೆ ಕ್ಯಾಮಿನಲ್ಲಿ 0.95 ಡಿಗ್ರಿ, ಕ್ರ್ಯಾಂಕಿನಲ್ಲಿ 1.9 ಡಿಗ್ರಿ ತಡ. ಕಿಡಿಯೂ ಅಷ್ಟೇ ತಡ.

ಇಲ್ಲೊಂದು ಗೊಂದಲಕ್ಕೆ ಎಡೆಯಿದೆ. ಬ್ರೇಕರ್ ಪಾಯಿಂಟಿನ ಉಜ್ಜುವ ತುಂಡು ಸವೆದಾಗಲೂ ಪಾಯಿಂಟ್ ಗ್ಯಾಪ್ ಕಿರಿದಾಗಿ ಕಿಡಿ ತಡವಾಗುತ್ತದೆ. ಪಾಯಿಂಟ್ ತೆರೆಯುವ ಮತ್ತು ಮುಚ್ಚುವ ಕ್ಷಣಗಳು ಸಮವಾಗಿ ಸರಿಯುತ್ತವೆ ಎಂದು ಹಿಡಿದರೆ, ಡ್ವೆಲ್ 1 ಡಿಗ್ರಿ (ಡಿಸ್ಟ್ರಿಬ್ಯೂಟರ್ ಅಳತೆ) ಹೆಚ್ಚಿದಾಗ ಕಿಡಿ ಸರಿಸುಮಾರು 1 ಕ್ರ್ಯಾಂಕ್ ಡಿಗ್ರಿ ಹಿಂದಾಗುತ್ತದೆ. ಹಳೆಯ ಅಂಬಾಸಿಡರ್ ಒಂದರಲ್ಲಿ ಕಿಡಿ 4 ಡಿಗ್ರಿ ತಡವೆಂದು ಕಂಡರೆ ಅದರಲ್ಲಿ ಚೈನಿನ ಪಾಲೆಷ್ಟು, ಪಾಯಿಂಟಿನ ಪಾಲೆಷ್ಟು ಎಂಬುದು ಲೈಟಿನಿಂದ ತಿಳಿಯದು. ಮೊದಲು ಗ್ಯಾಪ್ ಸರಿಪಡಿಸಿ, ಆಮೇಲೂ ಉಳಿದ ತಡವನ್ನು ಮಾತ್ರ ಚೈನಿನ ಲೆಕ್ಕಕ್ಕೆ ಹಚ್ಚುವುದು ಸುರಕ್ಷಿತ ಕ್ರಮ.

5. ಹೆಡ್ ಫೇಸಿಂಗ್ ಆದ ಎಂಜಿನ್

ಗ್ಯಾಸ್ಕೆಟ್ ಸುಟ್ಟ ಮೇಲೆ ಲೇತ್ ಅಂಗಡಿಯಲ್ಲಿ ಹೆಡ್ ಫೇಸಿಂಗ್ ಮಾಡಿಸುವುದು ಸಾಮಾನ್ಯ. ಕಂಪ್ರೆಷನ್ ಹೆಚ್ಚಿಸಲೆಂದೇ ಮಾಡಿಸುವವರೂ ಇದ್ದಾರೆ. ಎಫ್8ಬಿಯಂಥ ಮೇಲ್‌ಕ್ಯಾಮ್ ಎಂಜಿನ್‌ನಲ್ಲಿ ಇದರ ಅಡ್ಡಪರಿಣಾಮ ಕಡಿಮೆ ಗಮನ ಪಡೆದಿದೆ: ಕ್ಯಾಮಿಗೂ ಕ್ರ್ಯಾಂಕಿಗೂ ನಡುವಿನ ಅಂತರ ತಗ್ಗುತ್ತದೆ, ಎಳೆತದ ಬದಿಯಲ್ಲಿ ಉಳಿದ ಬೆಲ್ಟನ್ನು ಕ್ಯಾಮ್ ಹಿಂದೆ ಸರಿದು ತೆಗೆದುಕೊಳ್ಳುತ್ತದೆ.

8 ಮಿ.ಮೀ. ಪಿಚ್, 40 ಹಲ್ಲು ಎಂದು ಇಟ್ಟುಕೊಂಡರೆ ಕ್ಯಾಮ್ ಪುಲ್ಲಿಯ ತ್ರಿಜ್ಯ 50.9 ಮಿ.ಮೀ. ಅರ್ಧ ಮಿ.ಮೀ. ಕೆತ್ತಿದರೆ ಕ್ಯಾಮ್ 0.56 ಡಿಗ್ರಿ, ಅಂದರೆ ಕ್ರ್ಯಾಂಕ್ ಅಳತೆಯಲ್ಲಿ 1.1 ಡಿಗ್ರಿ ಹಿಂದುಳಿಯುತ್ತದೆ. ಎಳೆತದ ಬದಿಯ ಬೆಲ್ಟ್ ಸಿಲಿಂಡರ್ ಅಕ್ಷಕ್ಕೆ ಹೆಚ್ಚು ಕಡಿಮೆ ಸಮಾನಾಂತರವಾಗಿದ್ದು, ಟೆನ್ಷನರ್ ಸಡಿಲ ಬದಿಯಲ್ಲಿದ್ದಾಗ ಮಾತ್ರ ಈ ಲೆಕ್ಕ ಸಲ್ಲುತ್ತದೆ. ಬೆಲ್ಟಿನ ಗುರುತುಗಳು ಕೂಡಿದಂತೆಯೇ ಕಾಣುತ್ತವೆ. ಒಂದು ಡಿಗ್ರಿಯ ವ್ಯತ್ಯಾಸ ಕಣ್ಣಿಗೆ ಹಿಡಿಯುವಂಥದ್ದಲ್ಲ.

ಇಲ್ಲಿ ಕಿಡಿ 1.1 ಡಿಗ್ರಿ ತಡ, ಕಂಪ್ರೆಷನ್ ಮಾತ್ರ ಹೆಚ್ಚು. ಹೆಚ್ಚಿದ ಕಂಪ್ರೆಷನ್ನಿಗೆ ಕಿಡಿ ಸ್ವಲ್ಪ ತಡವಾಗಿರುವುದೇ ಒಳ್ಳೆಯದು. ಹೀಗಾಗಿ ಫೇಸಿಂಗ್ ಆದ ಎಂಜಿನ್ ಇಗ್ನಿಷನ್ ಮುಟ್ಟದೆಯೂ ನಾಕಿಂಗ್ ಇಲ್ಲದೆ ಓಡಿದ ಉದಾಹರಣೆಗಳಿಗೆ ಈ ತಡವೂ ಒಂದು ಸಣ್ಣ ಕಾರಣವಾಗಿರಬಹುದು. ಇದು ಊಹೆ, ಪ್ರಮಾಣ ಚಿಕ್ಕದು.

6. ಕಿಡಿ ಹಾರಬೇಕಾದ ವೇಳೆ

ಜ್ಯಾಮಿತಿಯ ಪರಿಣಾಮವನ್ನು ಡಿಸ್ಟ್ರಿಬ್ಯೂಟರ್ ತಿರುಗಿಸಿ ಅಳಿಸಿಹಾಕಿದ ಮೇಲೂ ಎರಡನೆಯ ಸಂಗತಿ ಉಳಿಯುತ್ತದೆ. ಕ್ಯಾಮ್ ಸರಿದಾಗ ಇನ್ಲೆಟ್ ವಾಲ್ವ್ ಮುಚ್ಚುವ ಕೋನ ಬದಲಾಗುತ್ತದೆ. ಸಿಲಿಂಡರಿನಲ್ಲಿ ಉಳಿಯುವ ಮಿಶ್ರಣದ ಪ್ರಮಾಣ, ನಿಜವಾದ ಕಂಪ್ರೆಷನ್, ಹಿಂದಿನ ಚಕ್ರದ ಸುಟ್ಟ ಅನಿಲದ ಪಾಲು, ಮೂರೂ ಬದಲಾಗುತ್ತವೆ.

ಒಂದು ಮಾದರಿ ಲೆಕ್ಕ. ಕಂಪ್ರೆಷನ್ ಅನುಪಾತ 9. ಕನೆಕ್ಟಿಂಗ್ ರಾಡಿನ ಉದ್ದ ಕ್ರ್ಯಾಂಕ್ ತ್ರಿಜ್ಯದ 3.3 ಪಟ್ಟು, ಇನ್ಲೆಟ್ ವಾಲ್ವ್ ಬಿ.ಡಿ.ಸಿ. ಕಳೆದು 50 ಡಿಗ್ರಿಗೆ ಮುಚ್ಚುತ್ತದೆ. ಈ ಮೂರೂ ಇಟ್ಟುಕೊಂಡ ಮೌಲ್ಯಗಳು. ಮುಚ್ಚುವ ಹೊತ್ತಿಗೆ ಪಿಸ್ಟನ್ನಿನ ಮುಂದೆ ಸ್ಟ್ರೋಕಿನ ಶೇ. 86.6 ಭಾಗ ಉಳಿದಿರುತ್ತದೆ. ಪರಿಣಾಮಕಾರಿ ಅನುಪಾತ 7.93. ಕ್ಯಾಮನ್ನು 4 ಡಿಗ್ರಿ ಮುಂದಿಟ್ಟು 46 ಡಿಗ್ರಿಗೆ ಮುಚ್ಚಿಸಿದರೆ ಉಳಿಯುವ ಭಾಗ ಶೇ. 88.7, ಅನುಪಾತ 8.10. ಒಳಗೆ ಸೆರೆಯಾಗುವ ಪರಿಮಾಣ ಸುಮಾರು ಶೇ. 2 ಹೆಚ್ಚು. ಅದೇ ಕ್ಯಾಮ್ 4.2ರಲ್ಲಿ ಹೇಳಿದಂತೆ 18 ಡಿಗ್ರಿ ಹಿಂದುಳಿದು 68 ಡಿಗ್ರಿಗೆ ಮುಚ್ಚಿದರೆ ಅನುಪಾತ 7.03ಕ್ಕೆ ಇಳಿಯುತ್ತದೆ, ಪರಿಮಾಣದಲ್ಲಿ ಶೇ. 11ರಷ್ಟು ನಷ್ಟ. ಎಲ್ಲ ಸಿಲಿಂಡರುಗಳ ಕಂಪ್ರೆಷನ್ ಗೇಜ್ ಒಂದೇ ಸಮನಾಗಿ ಕಡಿಮೆ ತೋರಿಸಿದರೆ, ಮತ್ತು ಪ್ಲಗ್ ತೂತಿನಿಂದ ಸ್ವಲ್ಪ ಆಯಿಲ್ ಹಾಕಿದರೂ ಓದು ಏರದಿದ್ದರೆ, ಪಿಸ್ಟನ್ ರಿಂಗಿಗಿಂತ ಕ್ಯಾಮಿನ ಮೇಲೆ ಸಂಶಯ ಪಡುವುದು ಸಮಂಜಸ.

ಈ ಲೆಕ್ಕಕ್ಕೆ ಅರ್ಥವಿರುವುದು ಕಡಿಮೆ ಆರ್‌ಪಿಎಂನಲ್ಲಿ. ವೇಗ ಹೆಚ್ಚಿದಾಗ ಒಳನುಗ್ಗುವ ಗಾಳಿಯ ವೇಗವೇ ತಡವಾಗಿ ಮುಚ್ಚುವ ವಾಲ್ವಿನ ಮೂಲಕ ಸಿಲಿಂಡರನ್ನು ತುಂಬಿಸುತ್ತಲೇ ಇರುತ್ತದೆ. ಆಗ ಚಿಹ್ನೆಯೇ ತಿರುಗಬಹುದು. ಚೆಟ್ಟಿಪಾಳಯಂ ಪಥದಲ್ಲಿ ಸದಾ ಹೆಚ್ಚಿನ ಆರ್‌ಪಿಎಂನಲ್ಲಿ ಓಡುವ ಎಂಜಿನ್‌ಗೂ, ಅವಿನಾಶಿ ರಸ್ತೆಯ ಸಿಗ್ನಲ್‌ಗಳ ನಡುವೆ ಓಡುವ ಅದೇ ಎಂಜಿನ್‌ಗೂ ಒಂದೇ ಕ್ಯಾಮ್ ಸ್ಥಾನ ಹೊಂದಬೇಕೆಂದಿಲ್ಲ.

ಕಿಡಿಯ ಬೇಡಿಕೆಯ ದಿಕ್ಕನ್ನು ಹೀಗೆ ಹೇಳಬಹುದು. ಮಿಶ್ರಣ ಹೆಚ್ಚು ತುಂಬಿದರೆ, ಸುಟ್ಟ ಅನಿಲ ಕಡಿಮೆಯಾದರೆ ದಹನ ಚುರುಕಾಗುತ್ತದೆ. ಕಿಡಿ ತುಸು ತಡವಾಗಿ ಸಾಕು, ನಾಕಿಂಗಿನ ಮಿತಿಯೂ ಹತ್ತಿರವಾಗುತ್ತದೆ. ತುಂಬುವಿಕೆ ಕುಗ್ಗಿದರೆ ಇದಕ್ಕೆ ವಿರುದ್ಧ. ಹೀಗಾಗಿ ಕಡಿಮೆ ವೇಗದಲ್ಲಿ, ಕ್ಯಾಮ್ ಮುಂದಿಟ್ಟ ಎಂಜಿನ್ ಕೇಳುವುದು ತಡವಾದ ಕಿಡಿ; ಡಿಸ್ಟ್ರಿಬ್ಯೂಟರ್ ಮುಟ್ಟದೆ ಬಿಟ್ಟರೆ ಅದಕ್ಕೆ ಸಿಗುವುದು ಮುಂಚಿನ ಕಿಡಿ. ಎರಡೂ ವಿರುದ್ಧ ದಿಕ್ಕಿಗೆ ಎಳೆಯುತ್ತವೆ. ಕ್ಯಾಮ್ ಹಿಂದುಳಿದ ಎಂಜಿನ್‌ನಲ್ಲೂ ಇದೇ ವೈರುಧ್ಯ, ತಿರುಗುಮುರುಗಾಗಿ. ಬರೇ 4 ಡಿಗ್ರಿಯ ಕ್ಯಾಮ್ ಬದಲಾವಣೆ ಕೆಲವೊಮ್ಮೆ ನಿರೀಕ್ಷೆಗಿಂತ ಹೆಚ್ಚು ನಾಕಿಂಗ್ ತರುವುದಕ್ಕೆ ಈ ಇಮ್ಮಡಿ ವ್ಯತ್ಯಾಸ ಕಾರಣವೆಂದು ತೋರುತ್ತದೆ. ಸುಧಾರಣೆ ಕಂಡರೂ ಅದನ್ನು ಕೂಡಲೇ ಕ್ಯಾಮಿನ ಖಾತೆಗೆ ಬರೆಯಬಾರದು. ಮೂಲ ಇಗ್ನಿಷನ್ ತಡವಿದ್ದು, ಕ್ಯಾಮಿನೊಂದಿಗೆ ಸರಿದ ಕಿಡಿಯೇ ಆ ಸುಧಾರಣೆಯನ್ನು ತಂದಿರಬಹುದು. ಮೊದಲು ಕ್ಯಾಮ್ ಸರಿಸಿ, ಕಿಡಿಯನ್ನು ಹಳೆಯ ಓದಿಗೇ ಮರಳಿಸಿ, ಆಮೇಲೆ ಹೋಲಿಸಿದ ಓದುಗಳನ್ನಷ್ಟೇ ಕ್ಯಾಮಿನ ಪರಿಣಾಮವೆಂದು ಒಪ್ಪಬಹುದು.

ಒಂದೇ ಕ್ಯಾಮ್ ಇರುವ ಎಂಜಿನ್‌ನಲ್ಲಿ ಇನ್ಲೆಟ್, ಎಕ್ಸಾಸ್ಟ್ ಎರಡೂ ಜೊತೆಗೇ ಸರಿಯುತ್ತವೆ, ಓವರ್‌ಲ್ಯಾಪಿನ ಅಗಲ ಹಾಗೇ ಉಳಿಯುತ್ತದೆ. ಎರಡು ಕ್ಯಾಮ್‌ಗಳಿದ್ದು ಒಂದನ್ನೇ ಸರಿಸಿದರೆ ಅಗಲವೂ ಬದಲಾಗುತ್ತದೆ. ಆ ಪ್ರಕರಣಕ್ಕೆ ಮೇಲಿನ ಅಂದಾಜನ್ನು ಹಿಗ್ಗಿಸಬಾರದು.

7. ಎತ್ತರದ ಪ್ರಶ್ನೆ

ಶೇ. 2ರ ವ್ಯತ್ಯಾಸ ದೊಡ್ಡದೋ ಚಿಕ್ಕದೋ ಎಂದು ತೂಗಲು ಇದೇ ಜಿಲ್ಲೆಯ ಭೂಗೋಳ ನೆರವಾಗುತ್ತದೆ. ಕೊಯಮತ್ತೂರು ನಗರ ಸಮುದ್ರಮಟ್ಟದಿಂದ ಸುಮಾರು 411 ಮೀಟರ್ ಎತ್ತರದಲ್ಲಿದೆ. ಪ್ರಮಾಣಿತ ವಾತಾವರಣದ ಸೂತ್ರದಂತೆ ಅಲ್ಲಿನ ಒತ್ತಡ 96.5 ಕಿಲೋಪಾಸ್ಕಲ್. ಆಳಿಯಾರ್‌ನಿಂದ 40 ಹೇರ್‌ಪಿನ್ ತಿರುವು ಹತ್ತಿ ತಲುಪುವ ವಾಲ್ಪಾರೈಯನ್ನು 1,100 ಮೀಟರ್ ಎಂದು ಹಿಡಿದರೆ 88.8. ಒತ್ತಡದಲ್ಲಿ ಶೇ. 8ರ ಇಳಿಕೆ. ಮೇಲೆ ಗಾಳಿ ತಂಪಾಗಿರುವುದರಿಂದ ಸಾಂದ್ರತೆಯ ಇಳಿಕೆ ಶೇ. 6.5ರ ಆಸುಪಾಸು.

ಎಂದರೆ, ಸಿಲಿಂಡರ್ ತುಂಬುವಿಕೆಯ ದೃಷ್ಟಿಯಿಂದ 4 ಡಿಗ್ರಿಯ ಕ್ಯಾಮ್ ಬದಲಾವಣೆಗಿಂತ ಈ ಘಟ್ಟದ ಪರಿಣಾಮ ಮೂರು ಪಟ್ಟು ದೊಡ್ಡದು. ಪೊಳ್ಳಾಚಿಯಲ್ಲಿ ನಾಕಿಂಗಿನ ಅಂಚಿಗೆ ಸೆಟ್ ಮಾಡಿದ ಕಾರು ವಾಲ್ಪಾರೈಯಲ್ಲಿ ಸದ್ದಿಲ್ಲದೆ ಓಡಿದರೆ ಆಶ್ಚರ್ಯವಿಲ್ಲ. ಅಲ್ಲಿ ಸೆಟ್ ಮಾಡಿ ಇಳಿದರೆ ಬಯಲಿನಲ್ಲಿ ನಾಕಿಂಗ್ ಬರಬಹುದು. ಕ್ಯಾಮ್ ಪ್ರಯೋಗದ ಹೋಲಿಕೆಗಳನ್ನು ಒಂದೇ ಎತ್ತರದಲ್ಲಿ, ಒಂದೇ ಹೊತ್ತಿನಲ್ಲಿ ಮಾಡಬೇಕೆಂಬ ಎಚ್ಚರಿಕೆಗೆ ಇಷ್ಟು ಆಧಾರ ಸಾಕು.

8. ಕ್ರ್ಯಾಂಕ್ ಸೆನ್ಸರ್ ಇರುವ ಎಂಜಿನ್

2008ರ ಎ-ಸ್ಟಾರ್‌ನೊಂದಿಗೆ ಬಂದ ಮಾರುತಿಯ ಕೆ-ಸೀರೀಸ್ ಎಂಜಿನ್‌ಗಳಲ್ಲಿ ಬೆಲ್ಟಿನ ಬದಲು ಚೈನ್ ಇದೆ, ಡಿಸ್ಟ್ರಿಬ್ಯೂಟರ್ ಇಲ್ಲ. ಈ ಬಗೆಯ ಎಂಜಿನ್‌ಗಳಲ್ಲಿ ಕಿಡಿಯ ಆಧಾರ ಕ್ರ್ಯಾಂಕಿನ ಹಲ್ಲುಚಕ್ರ. ಹಲವು ತಯಾರಕರು ಬಳಸುವ 60ರಲ್ಲಿ 2 ಹಲ್ಲು ಬಿಟ್ಟ ಚಕ್ರದಲ್ಲಿ ಹಲ್ಲಿಗೆ 6 ಡಿಗ್ರಿ. 36ರಲ್ಲಿ 1 ಬಿಟ್ಟ ಚಕ್ರದಲ್ಲಿ 10 ಡಿಗ್ರಿ. ಕ್ಯಾಮ್ ಸೆನ್ಸರ್ ಹೇಳುವುದು ಮುಖ್ಯವಾಗಿ ಇದು ಕಂಪ್ರೆಷನ್ ಸುತ್ತೋ ಎಕ್ಸಾಸ್ಟ್ ಸುತ್ತೋ ಎಂಬುದನ್ನು. ಇಲ್ಲಿ ಕ್ಯಾಮ್ ಸರಿದರೂ ಮೂಲ ಕಿಡಿ ಜ್ಯಾಮಿತಿಯ ಕಾರಣಕ್ಕೆ ಸರಿಯುವುದಿಲ್ಲ. ‘ಕ್ಯಾಮ್ ಬೇರೆ, ಇಗ್ನಿಷನ್ ಬೇರೆ’ ಎಂಬ ಮಾತು ಇಷ್ಟರ ಮಟ್ಟಿಗೆ ನಿಜ.

ಪೂರ್ತಿ ನಿಜವಲ್ಲ, ಏಕೆಂದರೆ ಸುತ್ತುದಾರಿಯೊಂದಿದೆ. ಕ್ಯಾಮ್ ಸರಿದಾಗ ಇಂಟೇಕ್ ಮನಿಫೋಲ್ಡಿನ ಒತ್ತಡ ಬದಲಾಗುತ್ತದೆ. ಕಂಟ್ರೋಲ್ ಯೂನಿಟ್ ಆ ಒತ್ತಡವನ್ನೂ ಆರ್‌ಪಿಎಂ ಅನ್ನೂ ನೋಡಿ ಕಿಡಿಯ ಕೋಷ್ಟಕದಲ್ಲಿ ಬೇರೊಂದು ಅಂಕಣಕ್ಕೆ ಹೋಗುತ್ತದೆ, ಬೇರೊಂದು ಅಡ್ವಾನ್ಸ್ ಕೊಡುತ್ತದೆ. ನಾಕ್ ಸೆನ್ಸರ್ ಇದ್ದರೆ ಅದರ ತಿದ್ದುಪಡಿಯೂ ಮೇಲೆ ಕೂಡಿಕೊಳ್ಳುತ್ತದೆ. ಈ ಸರಿತ ಕ್ಯಾಮ್ ಸರಿದಷ್ಟೇ ಆಗಬೇಕೆಂಬ ನಿಯಮವಿಲ್ಲ. ಅದೇ ದಿಕ್ಕಿಗೇ ಆಗಬೇಕೆಂದೂ ಇಲ್ಲ.

ಇನ್ನೂ ಡಿಸ್ಟ್ರಿಬ್ಯೂಟರ್ ಉಳಿಸಿಕೊಂಡು, ಕಿಡಿಯ ಕ್ಷಣವನ್ನು ಮಾತ್ರ ಕ್ರ್ಯಾಂಕ್ ಸೆನ್ಸರ್‌ನಿಂದ ಪಡೆಯುವ ನಡುಗಾಲದ ವ್ಯವಸ್ಥೆಗಳನ್ನು ಪ್ರತ್ಯೇಕವಾಗಿ ನೋಡಬೇಕು. ಅಲ್ಲಿ ಕ್ಯಾಮ್ 18 ಡಿಗ್ರಿ ಹಿಂದುಳಿದರೆ ಕಿಡಿಯ ವೇಳೆ ಹಾಗೇ ಇರುತ್ತದೆ, ರೋಟರ್ ಮಾತ್ರ ಕ್ಯಾಪಿನ ತುದಿಗಿಂತ 9 ಡಿಗ್ರಿ ಹಿಂದಿರುತ್ತದೆ. ಕಿಡಿ ಹೆಚ್ಚು ಅಂತರ ಹಾರಬೇಕಾಗಿ ಮಿಸ್ಸಿಂಗ್ ಕಾಣಿಸಬಹುದು. ಕ್ಯಾಪಿನ ಒಳತುದಿಗಳಲ್ಲಿ ಸುಟ್ಟ ಕಲೆ ಒಂದೇ ಪಕ್ಕಕ್ಕೆ ವಾಲಿರುವುದು ಇದರ ಗುರುತು.

ಡಿಸ್ಟ್ರಿಬ್ಯೂಟರ್ ಇಲ್ಲದ ಎಂಜಿನ್‌ನಲ್ಲಿ ಚೈನ್ ಹಿಗ್ಗಿದ್ದನ್ನು ಟೈಮಿಂಗ್ ಲೈಟ್ ತೋರಿಸುವುದಿಲ್ಲ. ಕ್ಯಾಮ್ ಮತ್ತು ಕ್ರ್ಯಾಂಕ್ ಸಂಕೇತಗಳ ನಡುವಿನ ಅಂತರ ಮಿತಿ ಮೀರಿದಾಗ ಸ್ಕ್ಯಾನರ್‌ನಲ್ಲಿ ಪಿ0016 ಎಂಬ ಕೋಡ್ ಬರುತ್ತದೆ. ಮಿತಿಯೊಳಗಿನ ಸವೆತಕ್ಕೆ ಅದೂ ಬರುವುದಿಲ್ಲ. 2011ರ ಸ್ವಿಫ್ಟ್‌ನ 1.2 ಲೀಟರ್ ಪೆಟ್ರೋಲ್ ಎಂಜಿನ್‌ನಂತೆ ಇನ್ಲೆಟ್ ಕ್ಯಾಮನ್ನು ಓಟದಲ್ಲೇ ಸರಿಸುವ ವ್ಯವಸ್ಥೆ ಇರುವಲ್ಲಿ ಕಿಡಿಯ ಕೋಷ್ಟಕವೂ ಆ ಚಲನೆಯನ್ನು ಗಣನೆಗೆ ತೆಗೆದುಕೊಂಡೇ ರೂಪುಗೊಂಡಿರುತ್ತದೆ. ಅಂಥ ಎಂಜಿನ್‌ನಿಂದ ತೆಗೆದ ಅಡ್ವಾನ್ಸ್ ಓದನ್ನು, ಆ ಕ್ಷಣದ ಕ್ಯಾಮ್ ಕೋನ, ಆರ್‌ಪಿಎಂ, ಮನಿಫೋಲ್ಡ್ ಒತ್ತಡ ಮತ್ತು ಕೂಲಂಟ್ ಉಷ್ಣಾಂಶ ಬರೆದಿಡದೆ, ಡಿಸ್ಟ್ರಿಬ್ಯೂಟರ್ ಕಾಲದ ಓದಿನ ಪಕ್ಕದಲ್ಲಿಟ್ಟು ಹೋಲಿಸುವಂತಿಲ್ಲ.